ಪಾಸ್‌ವರ್ಡ್ ಬದಲಾಯಿಸಿದರೂ ಮೇಲ್‌ಬಾಕ್ಸ್ ತೆರೆಯುತ್ತಿಲ್ಲ: ದೋಷವನ್ನು ಎಲ್ಲಿಂದ ಹುಡುಕಬೇಕು?

ಕಂಪನಿಯ ಮೇಲ್ ಸರ್ವರ್ ನೋಡಿಕೊಳ್ಳುವವರಿಗೆ ಬರುವ ಕೋರಿಕೆಗಳಲ್ಲಿ ಪಾಸ್‌ವರ್ಡ್ ರೀಸೆಟ್‌ನಷ್ಟು ಚಿಕ್ಕದು ಬೇರೊಂದಿಲ್ಲ. ಆಡಳಿತ ಪುಟ ತೆರೆದು, ಹೆಸರು ಹುಡುಕಿ, ಹೊಸ ಪಾಸ್‌ವರ್ಡ್ ಹಾಕಿ ಉಳಿಸಿದರೆ ಕೆಲಸ ಮುಗಿಯಿತು. ಕೆಲವು ಸಲ ಮಾತ್ರ ಸ್ವಲ್ಪ ಹೊತ್ತಿನಲ್ಲೇ ಅದೇ ವ್ಯಕ್ತಿಯ ಕರೆ ಮತ್ತೆ ಬರುತ್ತದೆ: "ನೀವು ಕೊಟ್ಟ ಪಾಸ್‌ವರ್ಡ್ ತಪ್ಪು ಅಂತ ಬರುತ್ತಿದೆ." ಕೈ ತಾನಾಗಿ ಇನ್ನೊಮ್ಮೆ ರೀಸೆಟ್ ಮಾಡಲು ಹೋಗುತ್ತದೆ. ಅಲ್ಲಿ ತಡೆಯಿರಿ. ಮೊದಲನೆಯ ರೀಸೆಟ್ ಯಾಕೆ ಹಿಡಿಯಲಿಲ್ಲ ಎಂದು ತಿಳಿಯುವ ತನಕ ಎರಡನೆಯದಕ್ಕೆ ಕೈ ಹಾಕಬೇಡಿ. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಕಾರಣವಿದೆ. ಪ್ರತಿ ರೀಸೆಟ್‌ನಿಂದಲೂ ಚಲಾವಣೆಯಲ್ಲಿರುವ ಪಾಸ್‌ವರ್ಡ್‌ಗಳ ಸಂಖ್ಯೆ ಒಂದು ಹೆಚ್ಚುತ್ತದೆ. ಫೋನ್‌ನಲ್ಲಿ ಮೊದಲಿನದು ಉಳಿದಿರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಮಧ್ಯದ್ದು, ಬಳಕೆದಾರರ ಕೈಯಲ್ಲಿರುವ ಚೀಟಿಯಲ್ಲಿ ಕೊನೆಯದು. ಯಾವ ವಿಫಲ ಪ್ರಯತ್ನ ಯಾವುದರಿಂದ ಬಂತೆಂದು ಆಮೇಲೆ ಬಿಡಿಸುವುದು ಬಹಳ ಕಷ್ಟ. ಮೇಲಿಂದ ಮೇಲೆ ಮಾಡಿದ ರೀಸೆಟ್ಟೇ ಹೊಸ ದೋಷವನ್ನು ಹುಟ್ಟಿಸುವ ಸಂದರ್ಭವೂ ಒಂದಿದೆ. ಅದನ್ನು ಲಾಕ್ ಆಗುವ ಖಾತೆಗಳ ಬಗ್ಗೆ ಬರೆಯುವಾಗ ಹೇಳುತ್ತೇನೆ.

ರೀಸೆಟ್‌ಗೆ ಮೊದಲು ಎರಡು ಎಚ್ಚರಿಕೆ

ಕೇಳುತ್ತಿರುವವರು ಆ ಮೇಲ್‌ಬಾಕ್ಸ್‌ನ ಒಡೆಯರೇ ಎಂದು ಖಚಿತಪಡಿಸಿಕೊಳ್ಳಿ. ಕರೆ ಬಂದ ಸಂಖ್ಯೆಯನ್ನು ನಂಬದೆ, ಸಿಬ್ಬಂದಿ ದಾಖಲೆಯಲ್ಲಿರುವ ಸಂಖ್ಯೆಗೆ ನೀವೇ ತಿರುಗಿ ಕರೆ ಮಾಡಿ. ಅವಸರ ಮಾಡುವವರು, ಮೇಲಧಿಕಾರಿಯ ಹೆಸರು ಹೇಳುವವರು ಎಂದರೆ ಈ ಹೆಜ್ಜೆಯನ್ನು ಬಿಡುವುದಲ್ಲ, ಇನ್ನಷ್ಟು ಬಿಗಿಯಾಗಿ ಪಾಲಿಸುವುದು. ಬೇರೆಯವರ ಮೇಲ್‌ಬಾಕ್ಸ್ ಕೈಗೆ ಸಿಕ್ಕರೆ ಅವರ ಇನ್ನೆಷ್ಟೋ ಖಾತೆಗಳ ರೀಸೆಟ್ ಕೊಂಡಿಗಳೂ ಅಲ್ಲಿಗೇ ಬರುತ್ತವೆ. ಹೊಸ ಪಾಸ್‌ವರ್ಡನ್ನು ಅದೇ ಮೇಲ್‌ಬಾಕ್ಸ್‌ಗಾಗಲಿ, ಪಕ್ಕದ ಸಹೋದ್ಯೋಗಿಯ ಮೇಲ್‌ಗಾಗಲಿ ಕಳುಹಿಸಬೇಡಿ. ಹಳೆಯ ಪಾಸ್‌ವರ್ಡ್ ಏನಿತ್ತೆಂದು ಎಂದಿಗೂ ಕೇಳಬೇಡಿ.

ಎರಡನೆಯದು ಕಡಿಮೆ ಜನರಿಗೆ ಗೊತ್ತಿರುವ, ಆದರೆ ಹಾನಿ ದೊಡ್ಡದಾಗಿರುವ ವಿಷಯ. ಮೇಲ್‌ಗಳನ್ನು ಬಳಕೆದಾರರ ಪಾಸ್‌ವರ್ಡ್‌ನಿಂದಲೇ ಗೂಢಲಿಪಿಗೊಳಿಸಿ ಇಡುವ ವ್ಯವಸ್ಥೆಗಳಿವೆ. ಮೇಲ್‌ಬಾಕ್ಸ್‌ಗಳನ್ನು ತೆರೆದುಕೊಡುವ ಡವ್‌ಕಾಟ್ ಸರ್ವರ್‌ನ ಮೇಲ್‌ಕ್ರಿಪ್ಟ್ ಎಂಬ ಪ್ಲಗಿನ್‌ನಲ್ಲಿ (ಸೇರ್ಪಡೆಯ ಭಾಗ) ಗೂಢಲಿಪಿಯನ್ನು ಬಿಡಿಸುವ ಪ್ರತಿ ಬಳಕೆದಾರರ ಖಾಸಗಿ ಕೀಲಿಯನ್ನು ಅವರ ಪಾಸ್‌ವರ್ಡ್‌ನಿಂದ ಮುಚ್ಚಿಡಲು ಸಾಧ್ಯವಿದೆ. ಅಂಥ ಕಡೆ ನಿರ್ವಾಹಕರು ಡೇಟಾಬೇಸ್‌ನಲ್ಲಿ ಪಾಸ್‌ವರ್ಡ್ ಮಾತ್ರ ಬದಲಾಯಿಸಿದರೆ ಲಾಗಿನ್ ಆಗುತ್ತದೆ, ಹಳೆಯ ಪತ್ರಗಳು ತೆರೆಯುವುದಿಲ್ಲ. ಕೀಲಿಯನ್ನು ಬಿಚ್ಚಲು ಹಳೆಯ ಪಾಸ್‌ವರ್ಡೇ ಬೇಕು. ನಿಮ್ಮ ಸರ್ವರ್‌ನಲ್ಲಿ ಈ ಪ್ಲಗಿನ್ ಇದೆಯೇ ಎಂದು ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ.

ಕರೆ ಮಾಡಿದವರಿಂದ ಏನು ತಿಳಿಯಬೇಕು

"ಲಾಗಿನ್ ಆಗುತ್ತಿಲ್ಲ" ಎಂಬ ಒಂದು ಮಾತಿನ ಹಿಂದೆ ಹತ್ತು ಬೇರೆ ಬೇರೆ ದೋಷಗಳಿರಬಹುದು. ಯಾವ ಸಾಧನದಲ್ಲಿ, ಯಾವ ಪ್ರೋಗ್ರಾಂನಲ್ಲಿ, ಮೇಲ್ ಬರುವುದು ನಿಂತಿದೆಯೋ ಹೋಗುವುದೋ, ತೆರೆಯ ಮೇಲೆ ಬಂದ ಸಂದೇಶದ ಪದಗಳು ಯಾವುವು ಎಂದು ಕೇಳಿ. ಸಂದೇಶವನ್ನು ಅವರ ಮಾತಿನಲ್ಲಿ ಹೇಳಿಸುವುದಕ್ಕಿಂತ ತೆರೆಯ ಚಿತ್ರ ತರಿಸಿಕೊಳ್ಳುವುದು ಒಳ್ಳೆಯದು. "ಸಂಪರ್ಕ ಸಾಧ್ಯವಾಗಲಿಲ್ಲ" ಎಂಬುದಕ್ಕೂ "ಪಾಸ್‌ವರ್ಡ್ ಸರಿಯಿಲ್ಲ" ಎಂಬುದಕ್ಕೂ ಇರುವ ಅಂತರ ಬಾಯಿ ಮಾತಿನಲ್ಲಿ ಕಳೆದುಹೋಗುತ್ತದೆ. ನಮ್ಮ ತನಿಖೆಯ ದಾರಿ ಕವಲೊಡೆಯುವುದು ಅಲ್ಲೇ.

ಆಮೇಲೆ ವೆಬ್‌ಮೇಲ್‌ನಲ್ಲಿ ಹೊಸ ಪಾಸ್‌ವರ್ಡ್ ಹಾಕಿ ನೋಡಲು ಹೇಳಿ. ಎಲ್ಲ ಪರೀಕ್ಷೆಗಳಲ್ಲೂ ಅಗ್ಗದ್ದು, ಹೆಚ್ಚು ಹೇಳುವಂಥದ್ದು ಇದು. ವೆಬ್‌ಮೇಲ್‌ನಲ್ಲಿ ತೆರೆಯಿತು ಎಂದಾದರೆ ಪಾಸ್‌ವರ್ಡ್ ಸರಿಯಾಗಿ ಕುಳಿತಿದೆ, ಖಾತೆ ಜೀವಂತವಾಗಿದೆ. ದೋಷ ಇರುವುದು ಸಾಧನದಲ್ಲಿ ಉಳಿದ ಹಳೆಯ ಪಾಸ್‌ವರ್ಡ್‌ನಲ್ಲಿ, ಅದರ ಸೆಟ್ಟಿಂಗ್‌ನಲ್ಲಿ ಅಥವಾ ಆ ಜಾಲದ ಐಪಿ ವಿಳಾಸಕ್ಕೆ ಬಿದ್ದ ತಡೆಯಲ್ಲಿ. ವೆಬ್‌ಮೇಲ್‌ನಲ್ಲೂ ತೆರೆಯಲಿಲ್ಲ ಎಂದಾದರೆ ಬಳಕೆದಾರರ ಸಾಧನವನ್ನು ಸದ್ಯಕ್ಕೆ ಬಿಟ್ಟು ಸರ್ವರ್ ಕಡೆ ತಿರುಗಬೇಕು.

ಒಂದು ಮಾತು. ಬಳಕೆದಾರರು ತಪ್ಪಾಗಿ ಟೈಪ್ ಮಾಡುತ್ತಿದ್ದಾರೆ ಎಂಬ ತೀರ್ಮಾನ ಎಲ್ಲಕ್ಕಿಂತ ಕೊನೆಗೆ ಬರಬೇಕು. ಅದು ನಿಜವಾಗಿರುವ ಸಂದರ್ಭಗಳು ಬೇಕಾದಷ್ಟಿವೆ. ಆದರೆ ಅದನ್ನೇ ಮೊದಲಿಗೆ ಹೇಳಿದರೆ ಎದುರಿನವರು ಮುಂದೆ ಏನನ್ನೂ ವಿವರವಾಗಿ ಹೇಳುವುದಿಲ್ಲ.

ಈ ಸರ್ವರ್ ಪಾಸ್‌ವರ್ಡನ್ನು ಎಲ್ಲಿ ನೋಡುತ್ತದೆ?

ವೆಬ್‌ಮೇಲ್ ಕೂಡ ತೆರೆಯದಿದ್ದಾಗ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನೀವು ಪಾಸ್‌ವರ್ಡ್ ಬದಲಾಯಿಸಿದ ಜಾಗವೂ ಮೇಲ್ ಸರ್ವರ್ ಪರಿಶೀಲಿಸುವ ಜಾಗವೂ ಒಂದೇ ಆಗಿದೆಯೇ? ನನ್ನ ಅನುಭವದಲ್ಲಿ ಹಳೆಯ ಸಿಬ್ಬಂದಿಯಿಂದ ಬಳುವಳಿಯಾಗಿ ಬಂದ ಸರ್ವರ್‌ಗಳಲ್ಲಿ ಇದೇ ಹೆಚ್ಚು ತೊಡಕು ಮಾಡುತ್ತದೆ.

ಪಾಸ್‌ವರ್ಡ್ ಇರಬಹುದಾದ ತಾಣಗಳು ಹಲವು. ಲಿನಕ್ಸ್ ಯಂತ್ರದ ಸ್ವಂತ ಬಳಕೆದಾರರ ಪಟ್ಟಿ, ಅಂದರೆ ಶ್ಯಾಡೋ ಕಡತ, ಮೇಲ್‌ಗಾಗಿಯೇ ಇಟ್ಟ ಪ್ರತ್ಯೇಕ ಪಠ್ಯ ಕಡತ, ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್, ಇಡೀ ಸಂಸ್ಥೆಯ ಖಾತೆಗಳನ್ನು ಒಂದೆಡೆ ಇಡುವ ಡೈರೆಕ್ಟರಿಗಳಾದ ಓಪನ್‌ಎಲ್‌ಡ್ಯಾಪ್ ಅಥವಾ ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿ. ಡವ್‌ಕಾಟ್‌ನಲ್ಲಿ ಇಂಥ ಒಂದಕ್ಕಿಂತ ಹೆಚ್ಚು ತಾಣಗಳನ್ನು ಸಾಲಾಗಿ ಕೊಡಬಹುದು. ಒಂದರಲ್ಲಿ ಹೊಂದದಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಡೇಟಾಬೇಸ್‌ಗೆ ಬದಲಾದ ಎಷ್ಟೋ ವರ್ಷಗಳ ಮೇಲೂ ಹಳೆಯ ಪಠ್ಯ ಕಡತ ಸಾಲಿನಲ್ಲಿ ಉಳಿದಿದ್ದರೆ, ಕೆಲವರ ಲಾಗಿನ್ ಅಲ್ಲಿಂದಲೇ ನಡೆಯುತ್ತಿರಬಹುದು. ಅವರ ಪಾಸ್‌ವರ್ಡನ್ನು ಡೇಟಾಬೇಸ್‌ನಲ್ಲಿ ಬದಲಾಯಿಸಿದರೆ ಹಳೆಯದೂ ಹೊಸದೂ ಎರಡೂ ನಡೆಯುತ್ತವೆ, ಇಲ್ಲವೇ ಅವರ ಹೆಸರಿನ ಸಾಲೇ ಡೇಟಾಬೇಸ್‌ನಲ್ಲಿ ಇಲ್ಲದೆ ಬದಲಾವಣೆ ಗಾಳಿಗೆ ಹೋಗುತ್ತದೆ. ಬದಲಾವಣೆಯ ಆದೇಶ ಎಷ್ಟು ಸಾಲುಗಳನ್ನು ಮುಟ್ಟಿತು ಎಂದು ಡೇಟಾಬೇಸ್ ಹೇಳುತ್ತದೆ. ಅಲ್ಲಿ ಸೊನ್ನೆ ಬಂದಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು.

ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಆದ ಎಕ್ಸ್‌ಚೇಂಜ್‌ನಲ್ಲಿ ಮೇಲ್‌ಬಾಕ್ಸ್‌ಗೆ ಅದರದೇ ಆದ ಪಾಸ್‌ವರ್ಡ್ ಇಲ್ಲ. ಅದು ಆ್ಯಕ್ಟಿವ್ ಡೈರೆಕ್ಟರಿಯ ಖಾತೆಯ ಪಾಸ್‌ವರ್ಡ್. ಬದಲಾಯಿಸಿದರೆ ಆ ವ್ಯಕ್ತಿಯ ಕಂಪ್ಯೂಟರ್ ಲಾಗಿನ್, ಹಂಚಿಕೆಯ ಫೋಲ್ಡರ್‌ಗಳು, ವಿಪಿಎನ್ ಎಲ್ಲವೂ ಬದಲಾಗುತ್ತವೆ ಎಂಬುದನ್ನು ಅವರಿಗೆ ಮೊದಲೇ ಹೇಳಿಬಿಡಿ. ಕಚೇರಿಯ ಡೈರೆಕ್ಟರಿಯನ್ನು ಮೈಕ್ರೋಸಾಫ್ಟ್‌ನ ಕ್ಲೌಡ್‌ಗೆ ಜೋಡಿಸಿ, ಪಾಸ್‌ವರ್ಡ್‌ನ ಹ್ಯಾಷ್ (ಅದರಿಂದ ಲೆಕ್ಕ ಹಾಕಿ ತೆಗೆದ, ಹಿಂದಕ್ಕೆ ಬಿಡಿಸಲಾಗದ ಗುರುತು) ಕಳುಹಿಸುವ ವ್ಯವಸ್ಥೆ ಇಟ್ಟಿದ್ದರೆ ಬದಲಾವಣೆಯನ್ನು ಕಚೇರಿಯ ಡೈರೆಕ್ಟರಿಯಲ್ಲೇ ಮಾಡಬೇಕು. ಹ್ಯಾಷ್ ಪ್ರತಿ 2 ನಿಮಿಷಕ್ಕೊಮ್ಮೆ ಮೇಲಕ್ಕೆ ಹೋಗುತ್ತದೆ. ಕ್ಲೌಡ್‌ನಿಂದ ಕೆಳಕ್ಕೆ ಬರೆಯುವ ಸೌಲಭ್ಯವನ್ನು ಪ್ರತ್ಯೇಕವಾಗಿ ಸಜ್ಜುಗೊಳಿಸಿರದಿದ್ದರೆ ಅಲ್ಲಿ ಮಾಡಿದ ರೀಸೆಟ್ ಕಚೇರಿಗೆ ಇಳಿಯುವುದಿಲ್ಲ.

ಡೈರೆಕ್ಟರಿಯ ಪ್ರತಿಗಳು ಹಲವು ಯಂತ್ರಗಳಲ್ಲಿದ್ದರೆ ಇನ್ನೊಂದು ಸಾಧ್ಯತೆ ಇದೆ. ನೀವು ಮೂಲ ಪ್ರತಿಯಲ್ಲಿ ಬದಲಾಯಿಸಿದ್ದೀರಿ, ಮೇಲ್ ಸರ್ವರ್ ನೆರಳು ಪ್ರತಿಯನ್ನು ಕೇಳುತ್ತಿದೆ, ಎರಡರ ನಡುವಿನ ನಕಲು ನಿಂತುಹೋಗಿದೆ. ಎರಡೂ ಕಡೆ ಆ ದಾಖಲೆಯ ಕೊನೆಯ ಬದಲಾವಣೆಯ ಸಮಯವನ್ನು ಹೋಲಿಸಿದರೆ ತಿಳಿಯುತ್ತದೆ. ಒಬ್ಬರ ಪಾಸ್‌ವರ್ಡ್ ದೂರಿನಿಂದ ಇಡೀ ನಕಲು ವ್ಯವಸ್ಥೆ ಸತ್ತಿರುವುದು ಬೆಳಕಿಗೆ ಬಂದರೆ, ಅದು ದೊಡ್ಡ ತೊಂದರೆಯೊಂದರ ಮುನ್ಸೂಚನೆ. ಕೈಗೆತ್ತಿಕೊಂಡು ಸರಿಪಡಿಸಿ.

ಲಾಗ್‌ನಲ್ಲಿ ನೋಡಬೇಕಾದ್ದು

ಊಹೆ ಮಾಡುತ್ತ ಕೂರುವ ಬದಲು ಬಳಕೆದಾರರನ್ನು ಫೋನ್‌ನಲ್ಲಿ ಇರಿಸಿಕೊಂಡು, ಒಂದೇ ಒಂದು ಸಲ ಲಾಗಿನ್ ಪ್ರಯತ್ನಿಸಲು ಹೇಳಿ, ಅದೇ ಕ್ಷಣದಲ್ಲಿ ಲಾಗ್, ಅಂದರೆ ಸರ್ವರ್ ಬರೆದಿಡುವ ಘಟನೆಗಳ ದಾಖಲೆ, ನೋಡಿ. ಸಾಲೇ ಬರಲಿಲ್ಲವೇ? ಹಾಗಾದರೆ ಪ್ರಯತ್ನ ಈ ಸರ್ವರ್‌ಗೆ ತಲುಪಿಯೇ ಇಲ್ಲ. ಸರ್ವರ್ ಹೆಸರು, ಪೋರ್ಟ್, ಫೈರ್‌ವಾಲ್ ನೋಡಬೇಕು, ಪಾಸ್‌ವರ್ಡನ್ನಲ್ಲ. ಮೇಲ್ ಪಡೆಯುವ ಎರಡು ಪದ್ಧತಿಗಳಲ್ಲಿ ಐಮ್ಯಾಪ್‌ಗೆ ಪೋರ್ಟ್ 993 ಅಥವಾ 143, ಪಾಪ್‌ಗೆ 995 ಅಥವಾ 110. ಕಳುಹಿಸುವ ಪದ್ಧತಿಯಾದ ಎಸ್‌ಎಂಟಿಪಿಗೆ 587 ಅಥವಾ 465. ಪೋರ್ಟ್ 25 ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಸಾಗಿಸುವುದಕ್ಕೆ. ಅಲ್ಲಿ ಬಳಕೆದಾರರ ಲಾಗಿನ್ ನಡೆಯಬೇಕಿಲ್ಲ.

ಡವ್‌ಕಾಟ್‌ನಲ್ಲಿ ದೃಢೀಕರಣದ ವಿವರ ಲಾಗ್ ಹಚ್ಚಿದರೆ ಎರಡು ಬಗೆಯ ಸಾಲುಗಳು ಸ್ಪಷ್ಟವಾಗಿ ಬೇರೆಯಾಗುತ್ತವೆ. "ಅನ್‌ನೋನ್ ಯೂಸರ್" ಎಂದರೆ ಹೆಸರೇ ಸಿಗಲಿಲ್ಲ. "ಪಾಸ್‌ವರ್ಡ್ ಮಿಸ್‌ಮ್ಯಾಚ್" ಎಂದರೆ ಹೆಸರು ಸಿಕ್ಕಿದೆ, ಪಾಸ್‌ವರ್ಡ್ ಹೊಂದಲಿಲ್ಲ. ಬಳಕೆದಾರರ ತೆರೆಯ ಮೇಲೆ ಮಾತ್ರ ಎರಡಕ್ಕೂ ಒಂದೇ ಸಂದೇಶ ಬರುತ್ತದೆ. ಹೊರಗಿನವರಿಗೆ ಯಾವ ಹೆಸರುಗಳು ಇವೆ ಎಂದು ತಿಳಿಯಬಾರದೆಂದು ಹಾಗೆ ಮಾಡಿರುತ್ತಾರೆ. ಹೆಸರು ಸಿಗದಿರುವುದಕ್ಕೆ ಸಾಮಾನ್ಯ ಕಾರಣ, ಪೂರ್ಣ ವಿಳಾಸ ಬೇಕಾದ ಕಡೆ ಬರೀ ಹೆಸರು ಹಾಕುವುದು ಅಥವಾ ಮೇಲ್‌ಬಾಕ್ಸ್‌ನ ನಿಜ ಹೆಸರಿನ ಬದಲು ಅದಕ್ಕೆ ಜೋಡಿಸಿದ ಅಡ್ಡಹೆಸರಿನ ವಿಳಾಸ ಹಾಕುವುದು. ಮದುವೆಯ ನಂತರ ಹೆಸರು ಬದಲಿಸಿಕೊಂಡವರು, ವಿಭಾಗದ ಹೆಸರಿನ ವಿಳಾಸ ಬಳಸುವವರು ಈ ತೊಡಕಿಗೆ ಸಿಕ್ಕುವುದು ಹೆಚ್ಚು. ಆ ವಿಳಾಸಕ್ಕೆ ಮೇಲ್ ಬರುತ್ತಿರುವುದರಿಂದ ಲಾಗಿನ್ ಹೆಸರೂ ಅದೇ ಎಂದು ಅವರು ನಂಬುವುದು ಸಹಜ.

ಎಸ್‌ಎಂಟಿಪಿ ಕಡೆ ಸಂಖ್ಯೆಗಳೇ ಮಾತನಾಡುತ್ತವೆ. 535 5.7.8 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ಹೊಂದಲಿಲ್ಲ. 454 4.7.0 ಎಂದರೆ ದೃಢೀಕರಣ ವ್ಯವಸ್ಥೆ ತಾತ್ಕಾಲಿಕವಾಗಿ ಕೈಕೊಟ್ಟಿದೆ: ಡೈರೆಕ್ಟರಿ ಅಥವಾ ಡೇಟಾಬೇಸ್ ಸಿಗುತ್ತಿಲ್ಲ. ಈ ಎರಡನೆಯದನ್ನು ನೋಡಿಯೂ ಪಾಸ್‌ವರ್ಡ್ ಬದಲಾಯಿಸಲು ಹೋದರೆ ಸಮಯ ಹಾಳು. 530 ಎಂದರೆ ಪ್ರೋಗ್ರಾಂ ಪಾಸ್‌ವರ್ಡನ್ನು ಕಳುಹಿಸಿಯೇ ಇಲ್ಲ. ಈ ಸಂಕೇತಗಳು 2007ರ ಆರ್‌ಎಫ್‌ಸಿ 4954 ಎಂಬ ಅಂತರ್ಜಾಲ ಮಾನದಂಡದ ದಾಖಲೆಯಲ್ಲಿವೆ. ಐಮ್ಯಾಪ್‌ಗೆ ಇಂಥದ್ದೇ ಪಟ್ಟಿ 2009ರ ಆರ್‌ಎಫ್‌ಸಿ 5530ರಲ್ಲಿದೆ.

ಮೇಲ್ ಕಳುಹಿಸುವ ಸರ್ವರ್ ಆದ ಪೋಸ್ಟ್‌ಫಿಕ್ಸ್‌ನ ಲಾಗ್‌ನಲ್ಲಿ ವಿಫಲ ಲಾಗಿನ್‌ನ ಸಾಲಿನ ಕೊನೆಗೆ ಅರ್ಥವಾಗದ ಅಕ್ಷರಗಳ ಗೊಂಚಲೊಂದು ಕಾಣುವುದುಂಟು. ಅದನ್ನು ಬಳಕೆದಾರರು ಟೈಪ್ ಮಾಡಿದ ಪಾಸ್‌ವರ್ಡ್ ಎಂದು ಭಾವಿಸಿ ಗಾಬರಿಯಾಗಬೇಡಿ. ಅದು "ಪಾಸ್‌ವರ್ಡ್:" ಎಂಬ ಸರ್ವರ್‌ನದೇ ಪ್ರಶ್ನೆ ಬೇಸ್64 ಎಂಬ ಅಕ್ಷರ ಸಂಕೇತದ ರೂಪದಲ್ಲಿ ಅಚ್ಚಾಗಿರುವುದು. ಯಾರು ಪ್ರಯತ್ನಿಸಿದರೂ ಅದೇ ಗೊಂಚಲು ಬರುತ್ತದೆ.

ಸರ್ವರ್‌ನ ಮೇಲೆಯೇ ಲಾಗಿನ್ ಪರೀಕ್ಷಿಸಬಹುದು. ಡವ್‌ಕಾಟ್‌ನ ಆಡಳಿತ ಉಪಕರಣದಲ್ಲಿ ಇದಕ್ಕೆಂದೇ ಆದೇಶವಿದೆ. ಹೆಸರು, ಪಾಸ್‌ವರ್ಡ್ ಕೊಟ್ಟರೆ ಯಾವ ಮೇಲ್ ಪ್ರೋಗ್ರಾಂನ ನೆರವೂ ಇಲ್ಲದೆ ಫಲಿತಾಂಶ ಹೇಳುತ್ತದೆ. ಓಪನ್‌ಎಸ್‌ಎಸ್‌ಎಲ್ ಎಂಬ ಉಪಕರಣದ ಮೂಲಕ ಎಸ್‌ಎಂಟಿಪಿಗೆ ಕೈಯಾರೆ ಲಾಗಿನ್ ಮಾಡುವವರು ಬೇಸ್64 ತಯಾರಿಸುವಾಗ ಎಚ್ಚರದಿಂದಿರಿ. ಎಕೋ ಆದೇಶ ಕೊನೆಗೊಂದು ಹೊಸ ಸಾಲಿನ ಚಿಹ್ನೆ ಸೇರಿಸುತ್ತದೆ, ಅದೂ ಪಾಸ್‌ವರ್ಡ್‌ನ ಭಾಗವಾಗುತ್ತದೆ, ಸರಿಯಾದ ಪಾಸ್‌ವರ್ಡ್ ಕೂಡ ವಿಫಲವಾಗುತ್ತದೆ. ಅದರ ಬದಲು ಪ್ರಿಂಟ್‌ಎಫ್ ಬಳಸಿ.

ಪಾಸ್‌ವರ್ಡ್ ಸರಿಯಿದೆ, ಖಾತೆಗೆ ಅನುಮತಿ ಇಲ್ಲ

ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ರೀಸೆಟ್ ಮಾಡುವಾಗ "ಮುಂದಿನ ಲಾಗಿನ್‌ನಲ್ಲಿ ಬಳಕೆದಾರರು ಪಾಸ್‌ವರ್ಡ್ ಬದಲಾಯಿಸಲೇಬೇಕು" ಎಂಬ ಆಯ್ಕೆಯೊಂದಿದೆ. ಕಚೇರಿಯ ಕಂಪ್ಯೂಟರ್ ಮುಂದೆ ಕೂರುವವರಿಗೆ ಅದು ಒಳ್ಳೆಯದೇ. ಫೋನ್‌ನಲ್ಲಿ ಮಾತ್ರ ಮೇಲ್ ನೋಡುವವರಿಗೆ ಅದು ಗೋಡೆಯಾಗುತ್ತದೆ. ಐಮ್ಯಾಪ್‌ನಲ್ಲಾಗಲಿ ಫೋನ್‌ನ ಮೇಲ್ ಪ್ರೋಗ್ರಾಂನಲ್ಲಾಗಲಿ ಪಾಸ್‌ವರ್ಡ್ ಬದಲಾಯಿಸುವ ಪುಟ ಬರುವುದಿಲ್ಲ. ನೀವು ಕೊಟ್ಟ ಪಾಸ್‌ವರ್ಡ್ ಅಕ್ಷರಶಃ ಸರಿಯಿದ್ದರೂ ಸರ್ವರ್ ನಿರಾಕರಿಸುತ್ತದೆ, ತೆರೆಯ ಮೇಲೆ "ಪಾಸ್‌ವರ್ಡ್ ತಪ್ಪು" ಎಂದೇ ಬರುತ್ತದೆ. ರೀಸೆಟ್ ಆದ ಕೂಡಲೇ ದೂರು ಬಂದರೆ ನಾನು ಮೊದಲು ನೋಡುವುದು ಈ ಗುರುತನ್ನು. ಓಪನ್‌ಎಲ್‌ಡ್ಯಾಪ್‌ನ ಪಾಸ್‌ವರ್ಡ್ ನೀತಿಯಲ್ಲೂ ಇಂಥದ್ದೇ ಗುರುತು ಇದೆ. ಫೋನ್ ಮಾತ್ರ ಇರುವವರಿಗೆ ಪಾಸ್‌ವರ್ಡ್ ಬದಲಾಯಿಸಲು ಒಂದು ವೆಬ್ ಪುಟ ಒದಗಿಸಿ. ಅದು ಇಲ್ಲದಿದ್ದರೆ ಈ ಗುರುತು ಹಾಕದೆ ಉದ್ದದ ಪಾಸ್‌ವರ್ಡ್ ಕೊಡಿ.

ಖಾತೆಯ ಅವಧಿ ಮುಗಿದಿರುವುದು, ಖಾತೆ ನಿಷ್ಕ್ರಿಯವಾಗಿರುವುದು, ಐಮ್ಯಾಪ್ ಅನುಮತಿಯನ್ನು ತೆಗೆದಿರುವುದು ಇವೆಲ್ಲ ಪಾಸ್‌ವರ್ಡ್‌ಗೆ ಸಂಬಂಧವಿಲ್ಲದ ಬೇರೆ ಬೀಗಗಳು. ಲಿನಕ್ಸ್‌ನಲ್ಲಿ ಹೊಸ ಪಾಸ್‌ವರ್ಡ್ ಹಾಕಿದರೂ ಖಾತೆಯ ಮುಕ್ತಾಯ ದಿನಾಂಕ ಹಾಗೇ ಉಳಿಯುತ್ತದೆ. ಗುತ್ತಿಗೆ ನೌಕರರ ಅವಧಿ ವಿಸ್ತರಣೆಯಾದಾಗ ಆ ದಿನಾಂಕವನ್ನು ಮುಂದೂಡಲು ಮರೆತಿರುವುದು ಬಹಳ ಸಾಮಾನ್ಯ.

ಇನ್ನೊಂದು ಬಗೆ, ಪ್ರೋಗ್ರಾಂ ಪಾಸ್‌ವರ್ಡ್ ಕಳುಹಿಸುವ ವಿಧಾನವನ್ನೇ ಸರ್ವರ್ ಒಪ್ಪದಿರುವುದು. ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಐಮ್ಯಾಪ್, ಪಾಪ್‌ಗಳಿಗೆ ನೇರವಾಗಿ ಹೆಸರು, ಪಾಸ್‌ವರ್ಡ್ ಕಳುಹಿಸುವ ಹಳೆಯ ಪದ್ಧತಿಯನ್ನು 2022ರ ಅಕ್ಟೋಬರ್‌ನಿಂದ ಮುಚ್ಚುತ್ತ ಬಂದರು. ಹಳೆಯ ಮೇಲ್ ಪ್ರೋಗ್ರಾಂ ಇಟ್ಟುಕೊಂಡವರಿಗೆ ಎಷ್ಟು ಸಲ ರೀಸೆಟ್ ಮಾಡಿಕೊಟ್ಟರೂ ಅಲ್ಲಿ ಪ್ರಯೋಜನವಿಲ್ಲ, ಪ್ರೋಗ್ರಾಂ ಬದಲಾಗಬೇಕು. ಎರಡು ಹಂತದ ದೃಢೀಕರಣ ಇರುವ ಗೂಗಲ್ ಖಾತೆಗಳಲ್ಲಿ ಆ್ಯಪ್ ಪಾಸ್‌ವರ್ಡ್ ಎಂಬ 16 ಅಕ್ಷರಗಳ ಬೇರೆ ಪಾಸ್‌ವರ್ಡ್ ಬಳಸುವುದುಂಟು. ಮುಖ್ಯ ಪಾಸ್‌ವರ್ಡ್ ಬದಲಾದರೆ ಅವೆಲ್ಲ ರದ್ದಾಗುತ್ತವೆ. ಬೇರೆಯದನ್ನು ಹೊಸದಾಗಿ ಪಡೆಯಬೇಕು.

ಸರ್ವರ್‌ನಲ್ಲಿ ಉಳಿದದ್ದು ನೀವು ಕೊಟ್ಟ ಪಾಸ್‌ವರ್ಡೇ?

ಲಾಗ್‌ನಲ್ಲಿ ಪಾಸ್‌ವರ್ಡ್ ಹೊಂದುತ್ತಿಲ್ಲ ಎಂದೇ ಬರುತ್ತಿದೆ, ಬಳಕೆದಾರರು ಸರಿಯಾಗಿಯೇ ಹಾಕುತ್ತಿದ್ದಾರೆ ಎನ್ನೋಣ. ನಿಮ್ಮ ಕಡೆ ಉಳಿಸುವಾಗಲೇ ಅದು ಬೇರೆಯಾಗಿರಬಹುದು.

ಆದೇಶದ ಸಾಲಿನಲ್ಲಿ ಪಾಸ್‌ವರ್ಡ್ ಕೊಡುವವರು ಡಾಲರ್ ಚಿಹ್ನೆಯನ್ನು ಗಮನಿಸಿ. ಜೋಡಿ ಉದ್ಧರಣ ಚಿಹ್ನೆಯೊಳಗೆ $ ಬಂದರೆ ಶೆಲ್ (ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಂ) ಅದನ್ನೂ ಅದರ ಮುಂದಿನ ಅಕ್ಷರಗಳನ್ನೂ ಚರಾಕ್ಷರದ (ವೇರಿಯಬಲ್) ಹೆಸರೆಂದು ತಿಳಿದು, ಅಂಥ ಚರಾಕ್ಷರ ಇಲ್ಲದಿದ್ದರೆ ಅಷ್ಟನ್ನೂ ನುಂಗಿಬಿಡುತ್ತದೆ. ಹನ್ನೆರಡು ಅಕ್ಷರ ಕೊಟ್ಟಿದ್ದೀರಿ, ಏಳು ಉಳಿದಿವೆ, ಯಾವ ದೋಷ ಸಂದೇಶವೂ ಬಂದಿಲ್ಲ. ಆಶ್ಚರ್ಯ ಚಿಹ್ನೆಗೂ ಬ್ಯಾಷ್ ಎಂಬ ಶೆಲ್‌ನಲ್ಲಿ ಇಂಥದ್ದೇ ವಿಶೇಷ ಅರ್ಥವಿದೆ. ಉಪಕರಣ ತಾನಾಗಿ ಪಾಸ್‌ವರ್ಡ್ ಕೇಳುವಂತೆ ಬಿಟ್ಟು ಅಲ್ಲಿ ಟೈಪ್ ಮಾಡುವುದು ಎಲ್ಲ ರೀತಿಯಲ್ಲೂ ಮೇಲು. ಆಗ ಅದು ಆದೇಶಗಳ ಇತಿಹಾಸದ ಕಡತದಲ್ಲೂ ಉಳಿಯುವುದಿಲ್ಲ.

ಡೇಟಾಬೇಸ್‌ನಲ್ಲಿ ಹ್ಯಾಷ್ ಇಡುವ ಅಂಕಣದ ಉದ್ದ ನೋಡಿ. ಲಿನಕ್ಸ್‌ನ ಎಸ್‌ಎಚ್‌ಎ-512 ಕ್ರಿಪ್ಟ್ ಹ್ಯಾಷ್ $6$ ಎಂದು ಆರಂಭವಾಗಿ ಸಾಮಾನ್ಯವಾಗಿ 106 ಅಕ್ಷರಗಳಷ್ಟಿರುತ್ತದೆ. ಅದರ ಮುಂದೆ ಡವ್‌ಕಾಟ್‌ನ ಪದ್ಧತಿಯಂತೆ ಪುಷ್ಪಾವರಣದಲ್ಲಿ ವಿಧಾನದ ಹೆಸರು ಸೇರಿದರೆ 120. ಹಿಂದೆ ಎಂಡಿ5 ಎಂಬ ಚಿಕ್ಕ ಹ್ಯಾಷ್‌ನ ಕಾಲದಲ್ಲಿ 64 ಅಥವಾ 100 ಅಕ್ಷರಗಳಿಗೆ ರಚಿಸಿದ ಅಂಕಣ ಬಾಲವನ್ನು ಕತ್ತರಿಸಿ ಹಾಕುತ್ತದೆ. ಮೈಎಸ್‌ಕ್ಯೂಎಲ್ 5.7ರಿಂದ ಕಟ್ಟುನಿಟ್ಟಿನ ವಿಧಾನ ಪೂರ್ವನಿಯೋಜಿತವಾಗಿರುವುದರಿಂದ ಅಲ್ಲಿ ದೋಷ ಸಂದೇಶ ಬರುತ್ತದೆ. ಹಳೆಯದರಲ್ಲಿ, ಅಥವಾ ಆ ವಿಧಾನವನ್ನು ಯಾರಾದರೂ ನಿಲ್ಲಿಸಿದ್ದರೆ, ಸದ್ದಿಲ್ಲದೆ ಕತ್ತರಿಸುತ್ತದೆ. ಇದರ ಲಕ್ಷಣ ಸ್ಪಷ್ಟ: ಹಳೆಯ ಖಾತೆಗಳೆಲ್ಲ ನಡೆಯುತ್ತವೆ, ಇತ್ತೀಚೆಗೆ ರೀಸೆಟ್ ಆದವು ಮಾತ್ರ ಒಂದೂ ನಡೆಯುವುದಿಲ್ಲ. ಹ್ಯಾಷ್‌ನ ಮುಂದಿನ ವಿಧಾನದ ಹೆಸರು ತಪ್ಪಾಗಿದ್ದರೂ ಇದೇ ಲಕ್ಷಣ.

ಬಳಕೆದಾರರ ಕಡೆ ನೋಡುವುದಾದರೆ, ಸಂದೇಶದಿಂದ ನಕಲು ಮಾಡಿದಾಗ ಕೊನೆಯಲ್ಲಿ ಸೇರುವ ಖಾಲಿ ಜಾಗ, ಫೋನ್‌ನ ಕೀಲಿಮಣೆ ತಾನಾಗಿ ದೊಡ್ಡದು ಮಾಡುವ ಮೊದಲ ಅಕ್ಷರ, ಸೊನ್ನೆ ಮತ್ತು ಇಂಗ್ಲಿಷ್‌ನ ಓ, ಒಂದು ಅಂಕಿ ಮತ್ತು ಸಣ್ಣ ಎಲ್. ತಾತ್ಕಾಲಿಕ ಪಾಸ್‌ವರ್ಡ್‌ನಲ್ಲಿ ಈ ಅಕ್ಷರಗಳನ್ನೇ ಬಳಸಬೇಡಿ, ಫೋನ್‌ನಲ್ಲಿ ಓದಿ ಹೇಳುವುದೂ ಸುಲಭವಾಗುತ್ತದೆ. ಕನ್ನಡ ಲಿಪಿಯಲ್ಲಿ ಪಾಸ್‌ವರ್ಡ್ ಇಡುವವರಿಗೂ ಒಂದು ಮಾತು ಹೇಳಬೇಕು. "ಕೋ" ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಬಿಡಿ ಚಿಹ್ನೆಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಷ್‌ಗೆ ಬೇರೆ ಬೇರೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ, 72 ಬೈಟ್‌ಗಳವರೆಗೆ ಮಾತ್ರ ನೋಡುವ ಬಿಕ್ರಿಪ್ಟ್ ವಿಧಾನದಲ್ಲಿ 24 ಸಂಕೇತಗಳಿಗೇ ಮಿತಿ ಮುಗಿಯುತ್ತದೆ. ಎಲ್ಲ ಸಾಧನಗಳಲ್ಲೂ ಒಂದೇ ಕೀಲಿಮಣೆ ಇರುವ ಭರವಸೆ ಇಲ್ಲದಿದ್ದರೆ ಮೇಲ್‌ಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ.

ಸರಿಹೋದ ಖಾತೆ ಮತ್ತೆ ಮತ್ತೆ ಲಾಕ್ ಆಗುವುದು

ಎಲ್ಲರ ತಾಳ್ಮೆ ಪರೀಕ್ಷಿಸುವ ದೋಷ ಇದು. ಬೆಳಿಗ್ಗೆ ಲಾಕ್ ತೆಗೆದುಕೊಟ್ಟರೆ ನಡೆಯುತ್ತದೆ, ಒಂದಷ್ಟು ಹೊತ್ತಿನ ಮೇಲೆ ತಾನಾಗಿ ಮತ್ತೆ ಲಾಕ್. ಬಳಕೆದಾರರು ಏನೂ ಮಾಡಿಲ್ಲ ಎನ್ನುತ್ತಾರೆ, ಅದು ನಿಜ. ಮಾಡುತ್ತಿರುವುದು ಹಳೆಯ ಪಾಸ್‌ವರ್ಡ್ ಉಳಿಸಿಕೊಂಡ ಯಾವುದೋ ಸಾಧನ: ಮನೆಯಲ್ಲಿ ಬಿಟ್ಟ ಟ್ಯಾಬ್ಲೆಟ್, ಮಕ್ಕಳಿಗೆ ಕೊಟ್ಟ ಹಳೆಯ ಫೋನ್, ಸ್ಕ್ಯಾನ್ ಮಾಡಿ ಮೇಲ್ ಕಳುಹಿಸುವ ಪ್ರಿಂಟರ್, ಯಾರೋ ಬರೆದಿಟ್ಟ ವರದಿ ಕಳುಹಿಸುವ ಸ್ಕ್ರಿಪ್ಟ್.

ರೀಸೆಟ್ಟೇ ಹೊಸ ದೋಷ ತರುತ್ತದೆ ಎಂದು ಆರಂಭದಲ್ಲಿ ಹೇಳಿದ್ದು ಇಲ್ಲಿಗೆ ಸಂಬಂಧಿಸಿದ್ದು. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಪಾಸ್‌ವರ್ಡ್ ಇತಿಹಾಸದ ನೀತಿ ಜಾರಿಯಲ್ಲಿದ್ದರೆ, ವಿಫಲವಾದ ಪಾಸ್‌ವರ್ಡ್ ಇತಿಹಾಸದ ಕೊನೆಯ ಎರಡರಲ್ಲಿ ಒಂದಕ್ಕೆ ಹೊಂದುವುದಾದರೆ ಅದನ್ನು ತಪ್ಪು ಪ್ರಯತ್ನಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ಹಟ ಮಾಡುವ ಫೋನ್‌ಗಳಿಂದ ಖಾತೆ ಲಾಕ್ ಆಗದಿರಲಿ ಎಂದೇ ಈ ಏರ್ಪಾಡು. ನೀವು ಒಂದು ಸಲ ರೀಸೆಟ್ ಮಾಡಿದಾಗ ಆ ಹಳೆಯ ಫೋನ್ ಈ ರಿಯಾಯಿತಿಯೊಳಗೇ ಇರುತ್ತದೆ. "ಹಿಡಿಯಲಿಲ್ಲ" ಎಂದು ಎರಡು ಮೂರು ಸಲ ರೀಸೆಟ್ ಮಾಡಿದಿರೋ, ಅದರ ಪಾಸ್‌ವರ್ಡ್ ಕೊನೆಯ ಎರಡರ ಆಚೆಗೆ ತಳ್ಳಲ್ಪಟ್ಟು, ಅದರ ಪ್ರತಿ ಪ್ರಯತ್ನವೂ ಲೆಕ್ಕಕ್ಕೆ ಬರತೊಡಗುತ್ತದೆ. ಅಲ್ಲಿಯವರೆಗೆ ಇಲ್ಲದ ಲಾಕ್ ಸಮಸ್ಯೆ ಆಗ ಹುಟ್ಟುತ್ತದೆ.

ಮೂಲ ಹುಡುಕಲು ಆ್ಯಕ್ಟಿವ್ ಡೈರೆಕ್ಟರಿ ನಡೆಸುವ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ನ ಭದ್ರತಾ ಲಾಗ್‌ನಲ್ಲಿ 4740 ಸಂಖ್ಯೆಯ ಘಟನೆ ನೋಡಿ. ಲಾಕ್‌ಗೆ ಕಾರಣವಾದ ಕಂಪ್ಯೂಟರ್‌ನ ಹೆಸರು ಅದರಲ್ಲಿರುತ್ತದೆ. ಅಲ್ಲಿ ಎಕ್ಸ್‌ಚೇಂಜ್ ಸರ್ವರ್‌ನದೇ ಹೆಸರಿದ್ದರೆ ನಿರಾಶರಾಗಬೇಡಿ. ಪ್ರಯತ್ನ ಫೋನ್‌ನಿಂದಲೋ ಮೇಲ್ ಪ್ರೋಗ್ರಾಂನಿಂದಲೋ ಬಂದು ಎಕ್ಸ್‌ಚೇಂಜ್ ಮೂಲಕ ಹಾದುಹೋಗಿದೆ ಎಂದು ಅದರ ಅರ್ಥ. ಅದೇ ಸಮಯದ ವೆಬ್ ಸರ್ವರ್ ಲಾಗ್‌ನಲ್ಲಿ ಸಾಧನದ ಗುರುತೂ ಐಪಿ ವಿಳಾಸವೂ ಸಿಗುತ್ತವೆ. ಅಂದಹಾಗೆ, ನಿರ್ವಾಹಕರು ಮಾಡಿದ ರೀಸೆಟ್ 4724, ಬಳಕೆದಾರರೇ ಮಾಡಿದ ಬದಲಾವಣೆ 4723. ನಿಮ್ಮ ನಂತರ ಇನ್ನೊಬ್ಬ ನಿರ್ವಾಹಕರು ಅದೇ ಖಾತೆಯನ್ನು ಮತ್ತೆ ರೀಸೆಟ್ ಮಾಡಿದ್ದಾರೆಯೇ ಎಂಬುದೂ ಇಲ್ಲೇ ತಿಳಿಯುತ್ತದೆ.

ಡವ್‌ಕಾಟ್‌ನಲ್ಲಿ ವಿಫಲ ಪಾಸ್‌ವರ್ಡ್‌ನ ಎಸ್‌ಎಚ್‌ಎ-1 ಹ್ಯಾಷ್ ರೂಪವನ್ನು, ಅದರಲ್ಲೂ ಮೊದಲ ಕೆಲವು ಅಕ್ಷರಗಳನ್ನು ಮಾತ್ರ, ಲಾಗ್‌ಗೆ ಬರೆಯಿಸುವ ಆಯ್ಕೆ ಇದೆ. ಸಾಲುಸಾಲಾಗಿ ಅದೇ ತುಣುಕು ಬರುತ್ತಿದ್ದರೆ ಅದು ಹಳೆಯ ಪಾಸ್‌ವರ್ಡ್ ಹಿಡಿದ ಸಾಧನ. ಪ್ರತಿ ಸಲ ಬೇರೆ ತುಣುಕು ಬರುತ್ತಿದ್ದರೆ ಹೊರಗಿನ ಯಾರೋ ಊಹೆಯಿಂದ ಪಾಸ್‌ವರ್ಡ್ ಹುಡುಕುತ್ತಿದ್ದಾರೆ. ಪಾಸ್‌ವರ್ಡನ್ನು ಬಯಲು ಮಾಡದೆ ಈ ಎರಡನ್ನು ಬೇರ್ಪಡಿಸುವ ಇದರಷ್ಟು ಸೊಗಸಾದ ಉಪಾಯ ನನಗೆ ಗೊತ್ತಿಲ್ಲ.

ಖಾತೆಯ ಬದಲು ಐಪಿ ವಿಳಾಸ ಲಾಕ್ ಆಗುವುದೂ ಇದೆ. ಫೇಲ್‌2ಬ್ಯಾನ್ ಎಂಬ ತಡೆಯುವ ಪ್ರೋಗ್ರಾಂ ಪೂರ್ವನಿಯೋಜಿತವಾಗಿ 10 ನಿಮಿಷದೊಳಗೆ 5 ವಿಫಲ ಪ್ರಯತ್ನ ಕಂಡರೆ ಆ ವಿಳಾಸವನ್ನು 10 ನಿಮಿಷ ತಡೆಯುತ್ತದೆ. ಇಡೀ ಕಚೇರಿ ಹೊರಜಗತ್ತಿಗೆ ಒಂದೇ ಐಪಿ ವಿಳಾಸದಿಂದ ಕಾಣುವುದಾದರೆ ಒಬ್ಬರ ಹಳೆಯ ಫೋನ್ ಎಲ್ಲರ ಮೇಲ್ ನಿಲ್ಲಿಸಬಲ್ಲದು. ಆಗ ಬರುವುದು ಪಾಸ್‌ವರ್ಡ್ ದೂರಲ್ಲ, "ಸರ್ವರ್ ಸಿಗುತ್ತಿಲ್ಲ" ಎಂಬ ದೂರು, ಅದೂ ಹಲವರಿಂದ, ಬಿಟ್ಟು ಬಿಟ್ಟು. ಮೊಬೈಲ್ ಡೇಟಾದಲ್ಲಿ ನಡೆದು ಕಚೇರಿಯ ವೈಫೈನಲ್ಲಿ ನಡೆಯದಿದ್ದರೆ ತಡೆಪಟ್ಟಿಯನ್ನು ನೋಡಿ. ವಿಳಾಸವನ್ನು ಬಿಡಿಸಿದರಷ್ಟೇ ಸಾಲದು, ಆ ಫೋನ್ ಹುಡುಕಿ ಖಾತೆಯನ್ನು ತೆಗೆಸಬೇಕು.

ಮೇಲ್ ಬರುತ್ತದೆ, ಕಳುಹಿಸಲಾಗುವುದಿಲ್ಲ

ಬಹುತೇಕ ಪ್ರೋಗ್ರಾಂಗಳು ಒಳಬರುವ ಮತ್ತು ಹೊರಹೋಗುವ ಸರ್ವರ್‌ಗಳ ಪಾಸ್‌ವರ್ಡ್‌ಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತವೆ. ಥಂಡರ್‌ಬರ್ಡ್‌ನ ಉಳಿಸಿದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಎರಡು ಸಾಲುಗಳಿರುತ್ತವೆ. ಐಫೋನ್‌ನಲ್ಲಿ ಎಸ್‌ಎಂಟಿಪಿ ಎಂಬ ಒಳಪುಟಕ್ಕೆ ಹೋಗಿ ಎರಡನೆಯದನ್ನು ಬದಲಾಯಿಸಬೇಕು. ಬಳಕೆದಾರರು ಒಂದನ್ನು ಬದಲಾಯಿಸಿ ಮುಗಿಯಿತೆಂದು ತಿಳಿದಿರುತ್ತಾರೆ. ಸಂದೇಶ 554 5.7.1 ಎಂದಿದ್ದು, ರಿಲೇ (ಬೇರೆ ಸರ್ವರ್‌ಗೆ ಮುಂದೆ ಸಾಗಿಸುವುದು) ನಿರಾಕರಿಸಲಾಗಿದೆ ಎನ್ನುತ್ತಿದ್ದರೆ ಹೊರಹೋಗುವ ಕಡೆ ದೃಢೀಕರಣವೇ ಆಫ್ ಆಗಿದೆ.

ಎಲ್ಲ ಸಾಧನಗಳಲ್ಲೂ ಹೀಗೇ ಆಗುತ್ತಿದ್ದರೆ ಸರ್ವರ್‌ನಲ್ಲೇ ಎರಡು ತಾಣಗಳಿವೆ ಎಂದರ್ಥ. ಪೋಸ್ಟ್‌ಫಿಕ್ಸ್ ದೃಢೀಕರಣಕ್ಕೆ ಡವ್‌ಕಾಟನ್ನು ಕೇಳದೆ ಸೈರಸ್ ಎಂಬ ಬೇರೆ ದೃಢೀಕರಣ ತಂತ್ರಾಂಶದ ಪ್ರತ್ಯೇಕ ಕಡತವನ್ನು ಕೇಳುತ್ತಿರಬಹುದು. ಎರಡನ್ನೂ ಒಂದೇ ತಾಣಕ್ಕೆ ಕಟ್ಟುವುದೇ ಶಾಶ್ವತ ಪರಿಹಾರ.

ಹಳೆಯ ಪಾಸ್‌ವರ್ಡ್ ಇನ್ನೂ ನಡೆಯುತ್ತಿದೆ

ಇದರ ಬಗ್ಗೆ ದೂರು ಬರುವುದಿಲ್ಲ, ನೀವೇ ನೋಡಬೇಕು. ಫೋನ್ ಕಳೆದುಹೋಗಿ ಅಥವಾ ಪಾಸ್‌ವರ್ಡ್ ಸೋರಿಹೋಗಿ ರೀಸೆಟ್ ಮಾಡಿದ್ದರೆ ಈ ಪರೀಕ್ಷೆಯನ್ನು ಬಿಡಲೇಬೇಡಿ.

ಬೀಗ ಬದಲಾಯಿಸಿದರೆ ಹೊಸಬರು ಒಳಗೆ ಬರುವುದಿಲ್ಲವೇ ಹೊರತು ಈಗಾಗಲೇ ಒಳಗೆ ಕುಳಿತವರು ಎದ್ದು ಹೋಗುವುದಿಲ್ಲ. ಐಮ್ಯಾಪ್ ಸಂಪರ್ಕ ಒಮ್ಮೆ ಲಾಗಿನ್ ಆದ ಮೇಲೆ ಗಂಟೆಗಟ್ಟಲೆ ತೆರೆದಿರುತ್ತದೆ, ಅಷ್ಟು ಹೊತ್ತೂ ಹೊಸ ಮೇಲ್ ಓದಬಹುದು. ಡವ್‌ಕಾಟ್‌ನಲ್ಲಿ ಆ ಬಳಕೆದಾರರ ಎಲ್ಲ ಸಂಪರ್ಕಗಳನ್ನು ಕಿತ್ತುಹಾಕುವ ಆದೇಶ ಇದೆ; ಅದನ್ನು ಕೊಡಿ. ವೆಬ್‌ಮೇಲ್‌ನ ತೆರೆದ ಅಧಿವೇಶನಗಳನ್ನೂ ಮುಗಿಸಿ.

ಹಿಂದೆ ನೋಡಿದ ಉತ್ತರವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವ ಕ್ಯಾಶ್‌ಗಳೂ ಇವೆ. ಡವ್‌ಕಾಟ್‌ನ ದೃಢೀಕರಣ ಕ್ಯಾಶ್ ಸಾಮಾನ್ಯವಾಗಿ ಆರಿರುತ್ತದೆ. ಹಚ್ಚಿದ್ದರೆ ನೆನಪಿನ ಅವಧಿ ಪೂರ್ವನಿಯೋಜಿತವಾಗಿ 1 ಗಂಟೆ. ಸೈರಸ್‌ನ ದೃಢೀಕರಣ ಸೇವೆಯ ಕ್ಯಾಶ್ ಹಚ್ಚಿದ್ದರೆ ಅದು 28,800 ಸೆಕೆಂಡು, ಅಂದರೆ 8 ಗಂಟೆ. ಎಕ್ಸ್‌ಚೇಂಜ್‌ನ ವೆಬ್ ಸರ್ವರ್ ಗುರುತಿನ ಟೋಕನ್‌ಗಳನ್ನು ಸುಮಾರು 15 ನಿಮಿಷ ಇಟ್ಟುಕೊಳ್ಳುತ್ತದೆ. ವಿಂಡೋಸ್‌ನ ಎನ್‌ಟಿಎಲ್‌ಎಂ ಎಂಬ ದೃಢೀಕರಣ ಪದ್ಧತಿಯಲ್ಲಿ ಹಳೆಯ ಪಾಸ್‌ವರ್ಡ್ ಜಾಲದ ಪ್ರವೇಶಕ್ಕೆ 60 ನಿಮಿಷ ನಡೆಯುತ್ತದೆ. ತುರ್ತು ಇಲ್ಲದಿದ್ದರೆ ಕಾಯಬಹುದು. ಸೋರಿಕೆಯ ಸಂದರ್ಭದಲ್ಲಿ ಕಾಯಬೇಡಿ, ಕ್ಯಾಶ್ ತೆರವುಗೊಳಿಸಿ ಅಥವಾ ಸೇವೆಯನ್ನು ಮರುಪ್ರಾರಂಭಿಸಿ.

ಸೋರಿಕೆಯಾಗಿದ್ದ ಖಾತೆಯಲ್ಲಿ ಇನ್ನೂ ಮೂರು ಕಡೆ ಕಣ್ಣು ಹಾಯಿಸಬೇಕು. ಮೇಲ್‌ಗಳನ್ನು ಹೊರಗಿನ ವಿಳಾಸಕ್ಕೆ ರವಾನಿಸುವ ಅಥವಾ ಸದ್ದಿಲ್ಲದೆ ಅಳಿಸುವ ನಿಯಮಗಳನ್ನು ಯಾರಾದರೂ ಸೇರಿಸಿದ್ದಾರೆಯೇ, ಆ್ಯಪ್ ಪಾಸ್‌ವರ್ಡ್ ಅಥವಾ ಹೊರಗಿನ ಪ್ರೋಗ್ರಾಂಗಳಿಗೆ ಕೊಟ್ಟ ಅನುಮತಿಗಳು ಉಳಿದಿವೆಯೇ, ಸರ್ವರ್‌ನ ಸರತಿಯಲ್ಲಿ ಆ ವಿಳಾಸದಿಂದ ಹೊರಟ ಕಸದ ಮೇಲ್‌ಗಳು ಕಾಯುತ್ತಿವೆಯೇ ಎಂದು. ರವಾನೆಯ ನಿಯಮ ಒಂದು ಉಳಿದರೂ ಪಾಸ್‌ವರ್ಡ್ ಬದಲಾಯಿಸಿದ್ದರಿಂದ ಏನೂ ಉಪಯೋಗವಾಗಲಿಲ್ಲ: ಮೇಲ್‌ಗಳು ಮೊದಲಿನಂತೆಯೇ ಹೊರಗೆ ಹೋಗುತ್ತಿರುತ್ತವೆ.

ತನಿಖೆಗಾಗಿ ಹಚ್ಚಿದ ವಿವರ ಲಾಗ್‌ಗಳನ್ನು ಕೆಲಸವಾದ ಕೂಡಲೇ ಆರಿಸಿ. ಪಾಸ್‌ವರ್ಡ್‌ಗಳನ್ನು ಬಯಲಾಗಿ ಬರೆಯುವ ಆಯ್ಕೆಯನ್ನು ಯಾರಾದರೂ ಹಚ್ಚಿದ್ದರೆ, ಆ ಅವಧಿಯ ಲಾಗ್ ಕಡತಗಳನ್ನೂ ಅವುಗಳ ಬ್ಯಾಕಪ್ ಪ್ರತಿಗಳನ್ನೂ ಅಳಿಸಿ, ಆ ಹೊತ್ತಿನಲ್ಲಿ ಲಾಗಿನ್ ಆದ ಎಲ್ಲರ ಪಾಸ್‌ವರ್ಡ್ ಬದಲಾಯಿಸಿಸಿ.